ಅತ್ತೆಯನ್ನು ಶಾಶ್ವತವಾಗಿ ತೆಗೆದುಹಾಕಲಾಗಿದೆ

ಅಪ್ಪ ಅಮ್ಮ ಅವನಿಗೆ ಒಂದು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಕಚೇರಿಯಲ್ಲೂ ಬೀದಿಯಲ್ಲೂ ಎಲ್ಲರಿಗೂ ಅವನು ತಾನಾಗಪ್ಪ. ಎದುರಿಗಲ್ಲ, ಬೆನ್ನ ಹಿಂದೆ. ಯಾವ ಕೆಲಸದ ಮಾತೆತ್ತಿದರೂ "ಅದನ್ನ ನಾವ್ಯಾಕ್ರೀ ಮಾಡ್ಬೇಕು? ತಾನಾಗೇ ಆಗೋ ಹಾಗೆ ಒಂದು ವ್ಯವಸ್ಥೆ ಮಾಡಿದ್ರೆ ಮುಗೀತು" ಎನ್ನುವುದು ಅವನ ವಾಡಿಕೆ. ಹೂಕುಂಡಗಳಿಗೆ ತಾನಾಗಿ ನೀರು ಹೋಗಲೆಂದು ಅವನು ಮಾಡಿದ ವ್ಯವಸ್ಥೆಯಲ್ಲಿ ಗಿಡಗಳು ಒಣಗಿದವು, ಕೆಳಗಿನ ಮನೆಯವರ ಹಾಸಿಗೆ ನೆನೆಯಿತು. ಬಾಗಿಲು ತಾನಾಗಿ ಮುಚ್ಚಲೆಂದು ಹಾಕಿದ ಸ್ಪ್ರಿಂಗು ಪೇಪರಿನವನ ಚೀಲವನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ. ಇಷ್ಟಾದರೂ ಅವನ ನಂಬಿಕೆ ಅಲುಗಾಡಿರಲಿಲ್ಲ. ನಂಬಿಕೆ ಎಂದರೆ ಹಾಗಿರಬೇಕು.

ಅವನಿದ್ದದ್ದು ನೀರು ಸರಬರಾಜು ಕಚೇರಿಯಲ್ಲಿ, ಹೆಡ್ ಗುಮಾಸ್ತನಾಗಿ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಜನ ಬರೆದ ದೂರುಗಳಿಗೆ ಉತ್ತರ ಬರೆಯುವುದು ಅವನ ಕೆಲಸ. ಅದರಲ್ಲಿ ಅವನದು ಎತ್ತಿದ ಕೈ. "ತಮ್ಮ ಅಹವಾಲನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ" ಎಂದು ಶುರುವಾಗುವ ಅವನ ಕಾಗದ ಓದಿದವರಿಗೆ ನೀರು ಬರುತ್ತಿರಲಿಲ್ಲ, ನಿಜ. ಆದರೆ ಆ ಗಾಂಭೀರ್ಯಕ್ಕೆ ಹೆದರಿ ಅವರು ಮತ್ತೆ ಕೇಳುತ್ತಲೂ ಇರಲಿಲ್ಲ.

ಇಂಥ ತಾನಾಗಪ್ಪನ ಮನೆಯ ಹಾಲಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಗುಂಡಿ ಒತ್ತಿ, ಸ್ನಾನ ಮಾಡಿ, ಬಟ್ಟೆ ಹಾಕಿಕೊಂಡು ಬಂದರೂ ಅದು ಇನ್ನೂ ಆಕಳಿಸುತ್ತಿರುತ್ತಿತ್ತು. ರಿಪೇರಿಯವನು ಬಂದು ನೋಡಿ ತಲೆ ಕೆರೆದುಕೊಂಡ.

"ಡಿಸ್ಕು ತುಂಬಿ ತುಳುಕ್ತಾ ಇದೆ ಸಾರ್. ವಾರಕ್ಕೊಂದ್ಸಲ ಕೂತು ಬೇಡದ್ದನ್ನ ತೆಗೀರಿ, ಎರಡೆರಡು ಇರೋದನ್ನ ಒಂದು ಮಾಡಿ, ಎಲ್ಲಿ ಕೆಟ್ಟಿದೆ ಅಂತ ಪರೀಕ್ಷೆ ಮಾಡಿ. ಮನೆ ಗುಡಿಸಿದ ಹಾಗೆ, ಅಷ್ಟೇ."

"ವಾರವಾರ? ನಾನೇ?" ಎಂದ ತಾನಾಗಪ್ಪ. ಇಷ್ಟು ಮುಂದುವರಿದ ಕಾಲದಲ್ಲಿ ಮನುಷ್ಯ ತನ್ನ ಕಸವನ್ನು ತಾನೇ ಗುಡಿಸುವುದೇ?

ಆ ಶನಿವಾರ ಅವನು ಕುರ್ಚಿ ಎಳೆದುಕೊಂಡು ಕೂತವನು ಊಟಕ್ಕೂ ಏಳಲಿಲ್ಲ. ಎಲ್ಲವನ್ನೂ ತಾನಾಗಿ ಮಾಡುವ ಒಂದು ಪ್ರೋಗ್ರಾಮು ಹುಡುಕಿ ತೆಗೆದ. ಅದು ಒಂದೊಂದೇ ಪ್ರಶ್ನೆ ಕೇಳುತ್ತ ಹೋಯಿತು. ಯಾವಾಗ ಶುಚಿ ಮಾಡಲಿ? ಪ್ರತಿ ಭಾನುವಾರ ಮಧ್ಯಾಹ್ನ. ಬಹಳ ಕಾಲ ತೆರೆಯದೇ ಇದ್ದದ್ದನ್ನು ಏನು ಮಾಡಲಿ? ಅಳಿಸು. ಕಸದ ಬುಟ್ಟಿಗೆ ಹಾಕಲೋ, ಶಾಶ್ವತವಾಗಿ ಅಳಿಸಲೋ? ಅರೆಮನಸ್ಸಿನ ಕೆಲಸ ಅವನಿಗೆ ಆಗದು, ಶಾಶ್ವತವಾಗಿ ಎಂದ. ಕೊನೆಗೆ, ಕೆಲಸ ಮುಗಿದ ಮೇಲೆ ಒಂದು ವರದಿ ಕಳಿಸುತ್ತೇನೆ, ಅದರ ಮಾತುಗಳನ್ನು ಬೇಕಾದರೆ ನೀವೇ ಬರೆಯಿರಿ ಎಂದಿತು.

ಬರೆಯಿರಿ ಎಂದು ತಾನಾಗಪ್ಪನಿಗೆ ಹೇಳಬಾರದಿತ್ತು. ಸಂಜೆಯವರೆಗೂ ಅವನು ಒಂದೊಂದು ವಾಕ್ಯವನ್ನೂ ಕಚೇರಿಯ ಕಾಗದದಂತೆ ತೀಡಿ ತಿದ್ದಿ ಬರೆದ. ವರದಿ ಯಾರಿಗೆ ಹೋಗಬೇಕು ಎಂದು ಪ್ರೋಗ್ರಾಮು ಕೇಳಿದಾಗ ಎರಡು ಆಯ್ಕೆ ಇದ್ದವು: ನನಗೆ ಮಾತ್ರ, ಅಥವಾ ವಿಳಾಸಪಟ್ಟಿಯಲ್ಲಿರುವ ಎಲ್ಲರಿಗೂ. ಇಂಥ ಭಾಷೆಯನ್ನು ಬರೆದವನೊಬ್ಬನೇ ಓದಿಕೊಂಡು ಕೂರುವುದು ಅನ್ಯಾಯ ಅನ್ನಿಸಿತು. ಎಲ್ಲರಿಗೂ ಎಂಬುದನ್ನು ಒತ್ತಿದ.

ಅವನು ಫೋಟೋ ವಿಡಿಯೋಗಳನ್ನೆಲ್ಲ ಅವರವರ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದ. ಒಂದು ಫೋಲ್ಡರಿಗೆ "ಅತ್ತೆ" ಎಂದು ಹೆಸರು, ಇನ್ನೊಂದಕ್ಕೆ "ಅವಳಿಗಳು" ಎಂದು. ಅಷ್ಟು ಗೊತ್ತಿದ್ದವರಿಗೆ ಭಾನುವಾರ ಮಧ್ಯಾಹ್ನ ಎಲ್ಲರ ಫೋನಿಗೂ ಬಂದು ಬಿದ್ದ ಈ ವರದಿ ಸಂಪೂರ್ಣ ಅರ್ಥವಾಗುತ್ತಿತ್ತು. ಗೊತ್ತಿದ್ದದ್ದು ಅವನೊಬ್ಬನಿಗೆ.

"ಸಮಸ್ತರ ಗಮನಕ್ಕೆ. ಈ ದಿನ ನಮ್ಮ ಮನೆಯಲ್ಲಿ ಶುಚಿಕಾರ್ಯವು ಯಶಸ್ವಿಯಾಗಿ ನೆರವೇರಿರುತ್ತದೆ.

ಅತ್ತೆ: ಮೂರು ವರ್ಷಗಳಿಂದ ಯಾರೂ ಇತ್ತ ಗಮನ ಹರಿಸಿರುವುದಿಲ್ಲ. ಅನವಶ್ಯಕವೆಂದು ಪರಿಗಣಿಸಿ ಶಾಶ್ವತವಾಗಿ ತೆಗೆದುಹಾಕಲಾಗಿದೆ.

ಅವಳಿಗಳು: ಎರಡೂ ಒಂದೇ ರೀತಿ ಇರುವುದು ಕಂಡುಬಂದಿರುತ್ತದೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ನಾಶಪಡಿಸಲಾಗಿದೆ.

ಭಾವಮೈದ: ಒಳಗೆ ಕೆಟ್ಟಿರುತ್ತದೆ. ದುರಸ್ತಿ ಸಾಧ್ಯವಿಲ್ಲ.

ಸಾಹೇಬರು: ಗಾತ್ರ ಮಿತಿಮೀರಿರುತ್ತದೆ. ಹಿಂಡಿ ಕುಗ್ಗಿಸಲಾಗಿದೆ.

ಮನೆಯಾಕೆ: ಸದ್ಯ ಬೇರೊಬ್ಬರ ಬಳಕೆಯಲ್ಲಿರುತ್ತದೆ. ಅವರು ಬಿಟ್ಟ ಕೂಡಲೇ ಮುಂದಿನ ಕ್ರಮ ಕೈಗೊಳ್ಳಲಾಗುವುದು.

ಈ ಕಾರ್ಯದಿಂದ ಸಾಕಷ್ಟು ಜಾಗ ಉಂಟಾಗಿರುತ್ತದೆ. ಮುಂದಿನ ಭಾನುವಾರವೂ ಹೀಗೆಯೇ ನಡೆಯುವುದು. ಇತಿ ತಮ್ಮ ವಿಶ್ವಾಸಿ."

ಇದು ಹೊರಟ ಹೊತ್ತಿನಲ್ಲಿ ತಾನಾಗಪ್ಪ ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಕೂತಿದ್ದ. "ಈ ಹೊತ್ತಿಗೆ ನಮ್ಮನೇಲಿ ಎಲ್ಲಾ ಗುಡಿಸಿ ಗುಂಡಾಂತರ ಆಗಿರುತ್ತೆ ನೋಡಪ್ಪ," ಎಂದು ಕನ್ನಡಿಯಲ್ಲಿ ಕಂಡ ಕ್ಷೌರಿಕನಿಗೆ ಹೇಳಿದ. ಹೆಂಡತಿ ಹೊಲಿದ ಬಟ್ಟೆಗಳನ್ನು ಗಿರಾಕಿಗಳಿಗೆ ಕೊಟ್ಟು ಬರಲು ಹೋಗಿದ್ದಳು, ಫೋನು ಒಯ್ಯದೆ. ಮನೆಗೆ ಬೀಗ.

ಕ್ಷೌರ ಮುಗಿಸಿ ಬೀದಿಗೆ ತಿರುಗಿದಾಗ ಏನೋ ವ್ಯತ್ಯಾಸ ಕಂಡಿತು. ಎದುರು ಮನೆಯವರು ಅವನನ್ನು ಕಂಡು ಕಿಟಕಿ ಮುಚ್ಚಿದರು. ತರಕಾರಿ ಅಂಗಡಿಯವಳು ಮಗುವನ್ನು ಎತ್ತಿಕೊಂಡು ಒಳಗೋಡಿದಳು. ಹೊಸ ಕ್ಷೌರ ಇಷ್ಟು ಕೆಟ್ಟದಾಗಿದೆಯೇ ಎಂದು ಅವನು ತಲೆ ಮುಟ್ಟಿ ನೋಡಿಕೊಂಡ. ಮನೆಯ ಗೇಟಿನ ಹತ್ತಿರ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ನಿಂತಿದ್ದರು. ಅವರ ಪಕ್ಕದಲ್ಲಿ ಒಬ್ಬ ಪೊಲೀಸ್ ಇನ್‌ಸ್ಪೆಕ್ಟರಮ್ಮ.

"ಈ ಮನೆ ಯಜಮಾನ್ರು ನೀವೇನಾ?"

"ಹೌದು ಮೇಡಂ. ಏನು, ಸ್ಟೇಷನ್ನಿನ ನಲ್ಲಿ ವಿಷಯವಾ?"

"ನಲ್ಲಿ ಅಲ್ಲ. ಇವತ್ತು ನಿಮ್ಮನೇಲಿ ಏನೋ ಶುಚಿಕಾರ್ಯ ನಡೀತಂತೆ?"

ತಾನಾಗಪ್ಪನ ಮುಖ ಮೊರದಗಲವಾಯಿತು. ಕೀರ್ತಿ ಪೊಲೀಸ್ ಇಲಾಖೆಯವರೆಗೂ ಮುಟ್ಟಿದೆ! "ವರದಿ ನೋಡಿದ್ರಾ? ಹೇಗಿತ್ತು?"

ಇಷ್ಟು ವರ್ಷದ ನೌಕರಿಯಲ್ಲಿ ಯಾವ ಆರೋಪಿಯೂ ಇನ್‌ಸ್ಪೆಕ್ಟರಮ್ಮನನ್ನು ಹೇಗಿತ್ತು ಎಂದು ಕೇಳಿರಲಿಲ್ಲ. ಆಕೆ "ಅದರಲ್ಲಿರೋದೆಲ್ಲ ನಿಜವಾ?" ಎಂದರು.

"ಅಕ್ಷರಶಃ ನಿಜ."

"ಅವಳಿಗಳಲ್ಲಿ ಒಂದನ್ನ..."

"ಎರಡೂ ಒಂದೇ ಥರ ಇದ್ರೆ ಎರಡನ್ನೂ ಇಟ್ಕೊಂಡು ಏನ್ಮಾಡ್ತೀರಾ ಮೇಡಂ? ಸುಮ್ನೆ ಜಾಗ ತಿನ್ನುತ್ವೆ."

ಇನ್‌ಸ್ಪೆಕ್ಟರಮ್ಮ ಗೇಟಿನ ಸರಳು ಹಿಡಿದುಕೊಂಡರು. "ಮಾಡಿದ್ದು ಯಾರು?"

"ಯಾರೂ ಅಲ್ಲ. ನಾನು ಕ್ಷೌರಕ್ಕೆ ಹೋಗಿದ್ದೆ. ಅದು ತಾನಾಗೇ ಆಗೋದು."

"ನಾನು ಆಗ್ಲೇ ಹೇಳಲಿಲ್ವಾ ಮೇಡಂ," ಎಂದು ಮೇಷ್ಟ್ರು ಬಾಯಿ ಹಾಕಿದರು. ಪೊಲೀಸರಿಗೆ ಫೋನು ಮಾಡಿದ್ದು ಅವರೇ. "ನಾಶಪಡಿಸಲಾಗಿದೆ, ತೆಗೆದುಹಾಕಲಾಗಿದೆ. ಎಲ್ಲಾ ಕರ್ಮಣಿ ಪ್ರಯೋಗ. ಇದರಲ್ಲಿ ಕರ್ತೃ ನಾಪತ್ತೆ."

"ನಾಪತ್ತೆನಾ? ಯಾವಾಗಿಂದ?" ಎಂದರು ಇನ್‌ಸ್ಪೆಕ್ಟರಮ್ಮ.

"ವ್ಯಾಕರಣದಲ್ಲಿ, ಮೇಡಂ."

ಆಕೆ ಮೇಷ್ಟ್ರನ್ನು ಒಮ್ಮೆ ದುರುಗುಟ್ಟಿ ನೋಡಿ ಮತ್ತೆ ಇತ್ತ ತಿರುಗಿದರು. "ಅತ್ತೆ ವಿಷಯ ಹೇಳಿ."

"ಅತ್ತೆನಾ? ಮೂರು ವರ್ಷದಿಂದ ಮೂಲೇಲಿ ಬಿದ್ದಿತ್ತು, ತೆಗೆದಿರುತ್ತೆ."

"ತೆಗೆದು ಎಲ್ಲಿ ಹಾಕಿದ್ರಿ?"

"ಎಲ್ಲೂ ಹಾಕಲ್ಲ. ಬುಟ್ಟಿಗೆ ಹಾಕಿದ್ರೆ ಆಮೇಲೆ ಯಾರಾದ್ರೂ ಕೆದಕ್ತಾರೆ. ನೇರವಾಗಿ ಮಾಯ. ಸುಳಿವೇ ಸಿಗಬಾರದು, ಹಾಗೆ ವ್ಯವಸ್ಥೆ ಮಾಡಿದೀನಿ. ಬೇಕಾದ್ರೆ ನಿಮ್ಮ ಸ್ಟೇಷನ್ನಿಗೂ ಮಾಡ್ಕೊಡ್ತೀನಿ. ನಿಮ್ಮಲ್ಲೂ ಹಳೇವು ಬೇಕಾದಷ್ಟು ತುಂಬಿರ್ತವಲ್ಲ?"

ಮೇಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಗೇಟಿನ ಒಳಗೆ ನಿಂತುಕೊಂಡರು. ಅವರದೂ ಹಳೆಯ ಜೀವ. ಇನ್‌ಸ್ಪೆಕ್ಟರಮ್ಮನ ಕೈ ಸೊಂಟದ ಪಿಸ್ತೂಲಿಗೆ ಹೋಗುವಷ್ಟರಲ್ಲಿ ಒಂದು ಆಟೋ ಬಂದು ನಿಂತು, ಅದರಿಂದ ತಾನಾಗಪ್ಪನ ತಂಗಿ ಇಳಿದಳು. ಕೂದಲು ಕೆದರಿತ್ತು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ. ಎರಡು ಕೈಯಲ್ಲೂ ಒಂದೊಂದು ಹೆಣ್ಣುಮಗು, ಒಂದೇ ಅಚ್ಚಿನವು.

"ಎಣಿಸ್ಕೋ ಅಣ್ಣಾ!" ಎಂದು ಅವಳು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಎರಡಿದಾವಾ ಇಲ್ವಾ ಎಣಿಸ್ಕೋ! ಮಕ್ಕಳು ಆಟಕ್ಕೆ ಹೋಗಿದ್ವು. ನಿನ್ನ ಕಾಗದ ಓದಿದ ಮೇಲೆ ಒಂದು ಬೇಗ ಸಿಕ್ತು, ಇನ್ನೊಂದು ಸಿಗೋವರೆಗೆ ನನ್ನ ಜೀವ ಜೀವದಲ್ಲಿರಲಿಲ್ಲ! ಹೆತ್ತ ಹೊಟ್ಟೆ ಕಣೋ ಇದು!"

"ಅಮ್ಮಾ, ನಾಶ ಆಗಿರೋದು ನಮ್ಮಲ್ಲಿ ಯಾರು?" ಎಂದಿತು ಒಂದು ಮಗು.

"ನೀನೇ," ಎಂದಿತು ಇನ್ನೊಂದು. "ನನ್ನನ್ನ ಉಳಿಸ್ಕೊಂಡಿದಾರೆ."

ಅಲ್ಲಿಗೆ ಮೊದಲನೆಯದು ಅಳು ತೆಗೆಯಿತು. ಆಗ, ಆಗಷ್ಟೇ, ತಾನಾಗಪ್ಪನ ತಲೆಯೊಳಗೆ ಏನೋ ಚುರುಕ್ಕೆಂದಿತು. ಇನ್‌ಸ್ಪೆಕ್ಟರಮ್ಮನ ಕೈಯಲ್ಲಿದ್ದ ಫೋನು ಇಸಿದುಕೊಂಡು ತನ್ನ ವರದಿಯನ್ನು ತಾನೇ ಮೊದಲಬಾರಿಗೆ ಬೇರೆಯವನಂತೆ ಓದಿದ. ಬಣ್ಣ ಇಳಿಯುತ್ತ ಇಳಿಯುತ್ತ ಹೊಸ ಕ್ಷೌರದ ಗಲ್ಲ ಸುಣ್ಣದ ಗೋಡೆಯಂತಾಯಿತು.

"ಅಯ್ಯೋ ಕಂಪ್ಯೂಟರ್ ಕಣ್ರೀ! ಇವೆಲ್ಲ ಕಂಪ್ಯೂಟರಲ್ಲಿರೋ ಫೋಟೋಗಳು!"

ಎಲ್ಲರೂ ಒಳಗೆ ಬಂದು ಆ ಯಂತ್ರವನ್ನು ಸುತ್ತುಗಟ್ಟಿ ನೋಡಿದರು. ಇನ್‌ಸ್ಪೆಕ್ಟರಮ್ಮ ಒಂದೊಂದು ಫೋಲ್ಡರನ್ನೂ ಖುದ್ದು ಪರೀಕ್ಷಿಸಿ, ಕುರ್ಚಿಯಲ್ಲಿ ಕುಸಿದು, "ಹಾಗಂತ ವರದೀಲಿ ಒಂದು ಕಡೆ ಕಂಪ್ಯೂಟರ್ ಅಂತ ಬರೆಯೋಕೆ ನಿಮಗೇನಾಗಿತ್ತು?" ಎಂದರು.

"ಇಂಗ್ಲಿಷ್ ಪದ ಹಾಕಿದ್ರೆ ವರದಿಯ ಘನತೆ ಹೋಗುತ್ತೆ ಮೇಡಂ."

"ಗಣಕಯಂತ್ರ ಅನ್ನಬಹುದಿತ್ತು," ಎಂದರು ಬಾಗಿಲಲ್ಲಿ ನಿಂತ ಮೇಷ್ಟ್ರು.

ತಂಗಿ ಇನ್ನೂ ತಣ್ಣಗಾಗಿರಲಿಲ್ಲ. "ನನ್ನ ಗಂಡ ಒಳಗೆ ಕೆಟ್ಟಿದಾರೆ, ದುರಸ್ತಿ ಆಗಲ್ಲ ಅಂತ ಬರೆದಿದೀಯಲ್ಲ?"

"ಅದು ಅವನ ಪ್ರವಾಸದ ವಿಡಿಯೋ ಕಣೇ. ತೆರೆಯೋಕಾಗ್ತಿಲ್ಲ."

"ಅವರ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಆದ್ರೆ ಅದನ್ನ ಊರಿಗೆಲ್ಲ ಹೇಳೋದಾ? ಅವರು ಓದಿದಾಗಿಂದ ಮಾತಾಡದೆ ಕನ್ನಡಿ ಮುಂದೆ ಕೂತಿದಾರೆ."

ಚಾರ್ಜಿಗೆ ಹಾಕಿದ್ದ ಫೋನು ಆಗಿನಿಂದ ಮೇಜಿನ ಮೇಲೆ ತಾನೇ ಕುಣಿಯುತ್ತಿತ್ತು. ವಿಳಾಸಪಟ್ಟಿಯಲ್ಲಿದ್ದ ಹಲ್ಲಿನ ಡಾಕ್ಟರರ ಕಡೆಯಿಂದ, "ಮಂಗಳವಾರ ಬನ್ನಿ, ಅಲ್ಲಿಯವರೆಗೆ ಗಟ್ಟಿಯಾದದ್ದನ್ನು ಕಚ್ಚಬೇಡಿ" ಎಂದು ಉತ್ತರ ಬಂದಿತ್ತು. ವಿದ್ಯುತ್ ಕಚೇರಿಯಿಂದ, "ನಿಮ್ಮ ದೂರು ದಾಖಲಾಗಿದೆ, ಸಹಕರಿಸಿ" ಎಂದು. ಅಷ್ಟರಲ್ಲಿ ಕರೆಯೂ ಬಂತು, ಕಚೇರಿಯ ಸಾಹೇಬರದು. ಅವರ ದೇಹ ದೊಡ್ಡದು, ದನಿ ಅದಕ್ಕಿಂತ ದೊಡ್ಡದು. ಫೋನು ಕಿವಿಯಿಂದ ಮೊಳ ದೂರ ಹಿಡಿದರೂ ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಹಿಂಡೋದಕ್ಕೆ ನಾನೇನು ಒದ್ದೆ ಬಟ್ಟೆನೇನ್ರೀ?"

"ಅದು ತಮ್ಮ ಭಾಷಣದ ವಿಡಿಯೋ ಸರ್..."

"ನನ್ನ ಹೆಂಡತಿ ಓದಿ ಬಿದ್ದು ಬಿದ್ದು ನಗ್ತಿದಾಳೆ! ಆ ಭಾಷಣ ಪೂರ್ತಿಯಾಗಿ ಇರೋದು ನಿಮ್ಮ ಹತ್ರ ಮಾತ್ರ. ಅದು ಇದ್ದ ಗಾತ್ರದಲ್ಲೇ ನನ್ನ ಕೈಗೆ ಬರ್ಬೇಕು. ಬರಲಿಲ್ವೋ, ನಿಮ್ಮನ್ನ ಕೌಂಟರಿಗೆ ಹಾಕ್ತೀನಿ. ಖಾಲಿ ಕೊಡ ಹಿಡಿದು ಬರೋ ಜನರಿಗೆ ಅಲ್ಲಿ ಬಾಯಲ್ಲೇ ಉತ್ತರ ಕೊಡ್ಬೇಕು, ತಿಳ್ಕೊಳ್ಳಿ!"

ಬಾಯಲ್ಲಿ ಉತ್ತರ! ತಾನಾಗಪ್ಪ ಗೋಡೆ ಹಿಡಿದು ಕೂರುವ ಹೊತ್ತಿಗೆ ಹೆಂಡತಿ ಖಾಲಿ ಚೀಲ ಮಡಿಸುತ್ತ ಒಳಗೆ ಬಂದಳು. ಮನೆ ತುಂಬ ಜನ, ಒಬ್ಬರು ಖಾಕಿಯಲ್ಲಿ. ಅವಳು ಯಾರ ಮುಖ ನೋಡಿದರೂ ಅವರು ನೆಲ ನೋಡಿದರು.

"ಏನಾಯ್ತು ರೀ?"

ಮೇಷ್ಟ್ರು, ಪಾಠ ಓದಿಸುವ ಹಳೆಯ ಅಭ್ಯಾಸದಿಂದ, ಆ ಒಂದು ಸಾಲನ್ನು ಸ್ಪಷ್ಟವಾಗಿ ಓದಿದರು: "ಮನೆಯಾಕೆ. ಸದ್ಯ ಬೇರೊಬ್ಬರ ಬಳಕೆಯಲ್ಲಿರುತ್ತದೆ."

ಹೊರಡಲು ಎದ್ದಿದ್ದ ಇನ್‌ಸ್ಪೆಕ್ಟರಮ್ಮ ಮತ್ತೆ ಕೂತರು.

"ಬೇರೊಬ್ಬರು ಅಂದ್ರೆ ಯಾರು?" ಎಂದಳು ಹೆಂಡತಿ, ತೀರ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದಾಗಲೇ ತಾನಾಗಪ್ಪನಿಗೆ ಭಯ ಹೆಚ್ಚು.

"ಅದೇ... ನೀನೇ ಕಣೇ! ಬೆಳಿಗ್ಗೆ ನೀನು ನಿನ್ನ ಪಾಸ್‌ವರ್ಡ್ ಹಾಕಿ ರವಿಕೆ ಡಿಸೈನ್ ನೋಡಿ ಹಾಗೇ ಬಿಟ್ಟು ಹೋಗಿದೀಯ. ಕಂಪ್ಯೂಟರಿಗೆ ನಾನು ಒಬ್ಬ, ನೀನು ಬೇರೊಬ್ಬಳು."

"ಅಂದ್ರೆ ನಾನು ನನ್ನ ಬಳಕೆಯಲ್ಲೇ ಇದೀನಿ?"

"ಹೂಂ."

"ನಾನು ಬಿಟ್ಟ ಕೂಡಲೇ ಏನೋ ಕ್ರಮ ಕೈಗೊಳ್ತೀರಂತೆ, ಏನದು?"

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಂಗಿ ತಿರುಗಿ ನೋಡಿ ಕಿಟಾರನೆ ಕಿರುಚಿದಳು.

ಹೆಗಲಿಗೊಂದು ಬಟ್ಟೆಯ ಚೀಲ ಹಾಕಿಕೊಂಡು ಸೋದರತ್ತೆ ನಿಂತಿದ್ದಳು. ತಾಯಿ ಹೋದ ಮೇಲೆ ಅಣ್ಣ ತಂಗಿ ಇಬ್ಬರನ್ನೂ ಎತ್ತಿ ಆಡಿಸಿ ದೊಡ್ಡವರನ್ನು ಮಾಡಿದವಳು. ಆಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಅವಳಿಗಳು ಎರಡೂ ಇವೆಯೇ ಎಂದು ಎಣಿಸಿದ್ದರು, ಭಾವಮೈದನ, ಸಾಹೇಬರ ವಿಚಾರವೆಲ್ಲ ಆಗಿತ್ತು. ಪಟ್ಟಿಯ ಮೊದಲಿಗೇ ಇದ್ದ ಅತ್ತೆ ಬದುಕಿದ್ದಾಳೆಯೇ ಎಂದು ಒಬ್ಬರೂ ಫೋನು ಮಾಡಿ ಕೇಳಿರಲಿಲ್ಲ.

"ಕಿರುಚಬೇಡ್ವೇ, ನಾನೇ," ಎಂದಳು ಅತ್ತೆ. "ನಮ್ಮನೆ ಕೆಳಗಿನ ಔಷಧಿ ಅಂಗಡಿ ಹುಡುಗಿ ಓದಿ ಹೇಳಿದ್ಲು. ಓದಿ ಅವಳೇ ಅಳೋಕೆ ಶುರು ಮಾಡಿದ್ಲು. ಅವಳಿಗೆ ನೀರು ಕುಡಿಸಿ, ಸಮಾಧಾನ ಮಾಡಿ, ಬಸ್ಸು ಹತ್ತೋ ಹೊತ್ತಿಗೆ ತಡ ಆಯ್ತು."

"ಅತ್ತೆ, ಅದು ಕಂಪ್ಯೂಟರ್..." ಎಂದು ತಾನಾಗಪ್ಪ ತೊದಲಿದ.

"ಯಾವುದಾದ್ರೂ ಆಗ್ಲಿ. ಬರೆದಿರೋದೇನು ಸುಳ್ಳಾ? ಮೂರು ವರ್ಷದಿಂದ ಯಾರು ಇತ್ತ ಗಮನ ಹರಿಸಿದಾರೆ?"

ತಂಗಿ ಮಗುವಿನ ಜಡೆ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು. ಅತ್ತೆ ಚೀಲ ಕೆಳಗಿಟ್ಟು ಕೂತು, ಮಂಡಿ ತಿಕ್ಕಿಕೊಳ್ಳುತ್ತ, ಮಾಮೂಲಿನ ದನಿಯಲ್ಲಿ ಕೇಳಿದಳು: "ಅದರಲ್ಲಿ ನಿನ್ನ ಮಾವನ ಫೋಟೋಗಳೂ ಇದ್ವಲ್ಲ, ಅವೇನಾದ್ವು?"

ತಾನಾಗಪ್ಪ ಕಂಪ್ಯೂಟರಿನ ಕಡೆ ತಿರುಗಿದ.

ಅತ್ತೆಯ ಆಲ್ಬಮ್ಮು ತೇವ ಹಿಡಿದು ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದಾಗ, "ಕೊಡಿ ಅತ್ತೆ, ಕಂಪ್ಯೂಟರಲ್ಲಿ ಹಾಕಿದ್ರೆ ಇನ್ನು ಸಾವಿರ ವರ್ಷ ತಾನಾಗೇ ಇರುತ್ತೆ" ಎಂದು ಇಸಿದುಕೊಂಡು ಬಂದವನು ಇವನೇ. ಸ್ಕ್ಯಾನು ಮಾಡಿ, ಹರಿದ ಹಾಳೆಗಳನ್ನು ಎಸೆದವನೂ ಇವನೇ. ಪ್ರತಿ ತೆಗೆಸಿ ಕೊಡುತ್ತೇನೆ ಎಂದಿದ್ದ. ಮಾವ ತೀರಿ ಎಷ್ಟೋ ಕಾಲವಾಗಿತ್ತು. ಆ ಮುಖ ಬೇರೆಲ್ಲೂ ಉಳಿದಿರಲಿಲ್ಲ.

ತಾನಾಗಪ್ಪ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಅವನು ಮಾಡಿದ ವ್ಯವಸ್ಥೆಗಳಲ್ಲೆಲ್ಲ ಹೇಳಿದಂತೆ ನಡೆದದ್ದು ಇದೊಂದೇ. ಸುಳಿವೇ ಇರಲಿಲ್ಲ. ಕರ್ಮಣಿ ಪ್ರಯೋಗಗಳೆಲ್ಲ ಎಲ್ಲಿ ಹೋದವೋ, ಕಡೆಗೆ ಅವನು ಹೇಳಿದ್ದು ಎರಡೇ ಶಬ್ದ. "ನಾನು ಅಳಿಸ್ಬಿಟ್ಟೆ."

ಅತ್ತೆ ಬಯ್ಯಲಿಲ್ಲ. ಸೆರಗಿನ ತುದಿಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಇನ್‌ಸ್ಪೆಕ್ಟರಮ್ಮ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು. ಆಮೇಲೆ ಥಟ್ಟನೆ ಈಚೆ ತಿರುಗಿ, "ರಿಪೇರಿಯವನಿಗೆ ಫೋನ್ ಮಾಡ್ರೀ! ಕಳ್ಳರು ಅಳಿಸಿದ್ದನ್ನೇ ತೆಗೆಸ್ತೀವಂತೆ, ಇದ್ಯಾವ ಲೆಕ್ಕ!" ಎಂದು ಗದರಿದರು.

ರಿಪೇರಿಯವನು ಫೋನಿನಲ್ಲೇ ಹೌಹಾರಿದ. "ಯಾರೂ ಮುಟ್ಟಬೇಡಿ! ಅದರ ಮೇಲೆ ಹೊಸದಾಗಿ ಒಂದಕ್ಷರ ಬಿದ್ರೂ ಕೆಟ್ಟಿತು. ಮೊದ್ಲು ಪ್ಲಗ್ ಕೀಳಿ!" ತಾನಾಗಪ್ಪ ಹಾರಿ ಹೋಗಿ ಪ್ಲಗ್ಗು ಕಿತ್ತ. ಅವಸರದಲ್ಲಿ ಫ್ರಿಜ್ಜಿನದನ್ನು ಕಿತ್ತಿದ್ದ. ಹೆಂಡತಿ ಸರಿಯಾದದ್ದನ್ನು ಕಿತ್ತಳು.

ಮರುದಿನ ಅವನು ರಜೆ ಹಾಕಿ, ಕಂಪ್ಯೂಟರನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ರಿಪೇರಿ ಅಂಗಡಿಗೆ ಒಯ್ದ. ಅತ್ತೆ ವಾಪಸ್ಸು ಹೋಗಲಿಲ್ಲ. "ಬರೋದೋ ಇಲ್ವೋ ನೋಡ್ಕೊಂಡೇ ಹೋಗ್ತೀನಿ," ಎಂದು ಕಿಟಕಿ ಪಕ್ಕದ ಮಂಚ ಹಿಡಿದಳು. ಆ ವಾರವೆಲ್ಲ ತಾನಾಗಪ್ಪ ಸಂಜೆಯಾದರೆ ಅಂಗಡಿಯ ಸ್ಟೂಲಿನ ಮೇಲೆ ಇರುತ್ತಿದ್ದ, ಆಸ್ಪತ್ರೆಯಲ್ಲಿ ಬಂಧುಗಳು ಕೂರುವ ಹಾಗೆ. ಶನಿವಾರ ರಿಪೇರಿಯವನು ಕೈ ಒರೆಸುತ್ತ ಹೊರಗೆ ಬಂದ.

"ಜನ ಸಿಕ್ಕಿದಾರೆ ಸಾರ್. ಹೆಸರು ಸಿಕ್ಕಿಲ್ಲ."

ನಿಜ. ಅಳಿಸಿಹೋದದ್ದು ಹೆಚ್ಚುಕಡಿಮೆ ಎಲ್ಲವೂ ವಾಪಸ್ಸು ಬಂದಿತ್ತು. ಆದರೆ ಫೋಲ್ಡರು ಇಲ್ಲ, ತಾರೀಖು ಇಲ್ಲ. ಹೊಸದು ಹಳೆಯದು, ಮನೆಯದು ಕಚೇರಿಯದು ಎಲ್ಲವೂ ಒಂದೇ ರಾಶಿ, ಪ್ರತಿಯೊಂದಕ್ಕೂ ಉದ್ದನೆಯ ಒಂದು ಸಂಖ್ಯೆ. ಯಾವುದು ಯಾರು ಎಂದು ಯಾವ ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅತ್ತೆಗೆ.

ಭಾನುವಾರ, ಆ ಶುಚಿ ಪ್ರೋಗ್ರಾಮನ್ನು ಕಿತ್ತೊಗೆದ ಕಂಪ್ಯೂಟರಿನ ಮುಂದೆ ಅತ್ತೆ ಕೂತಳು, ಪಕ್ಕದಲ್ಲಿ ತಾನಾಗಪ್ಪ. ಅವಳು ಹೇಳಿದ್ದನ್ನು ಅವನು ಹೆಸರಾಗಿ ಬರೆಯಬೇಕು. ಮಾವ ಮೊದಲಿಗೇ ಸಿಕ್ಕ, 'ಸೈಕಲ್ಲಿನಿಂದ ಬೀಳುವುದಕ್ಕೆ ಸ್ವಲ್ಪ ಮುಂಚೆ.' ಅವನನ್ನು ನೋಡುತ್ತ ಕೂತ ಅತ್ತೆಯ ಕೈಯಲ್ಲಿ ಒಂದು ಲೋಟ ಕಾಫಿ ತಣ್ಣಗಾಯಿತು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. "ಇವನು ಸುಳ್ಳಿನ ದೊಡ್ಡಪ್ಪ. ಹಾಗೇ ಬರೀ. ಇವಳು ಮದುವೇಲಿ ಮುನಿಸ್ಕೊಂಡು ಕೂತ ಚಿಕ್ಕಮ್ಮ, ಮದುವೆ ಅವಳದ್ದೇ." ತಂಗಿ, ಅವಳಿಗಳು, ಕನ್ನಡಿ ಬಿಟ್ಟು ಎದ್ದುಬಂದ ಭಾವಮೈದ, ಎಲ್ಲರೂ ಬೆನ್ನ ಹಿಂದೆ ನಿಂತು ಬಿದ್ದು ಬಿದ್ದು ನಗುತ್ತಿದ್ದರು. ಸಹಾಯಕ್ಕೆಂದು ಬಂದ ಮೇಷ್ಟ್ರು ಕಾಗುಣಿತ ತಿದ್ದುತ್ತಿದ್ದರು.

ರಾಶಿಯಲ್ಲಿ ಸಾಹೇಬರೂ ಬಂದರು, ಕುಗ್ಗಿಸುವ ಮುಂಚಿನ ಗಾತ್ರದಲ್ಲೇ, ವೇದಿಕೆಯ ಮೇಲೆ, ಮೈಕಿನ ಮುಂದೆ. ಅತ್ತೆ ಕನ್ನಡಕ ಸರಿಮಾಡಿಕೊಂಡಳು. "ಆ ಗಲ್ಲ ನೋಡು! ಇವನು ನಮ್ಮ ಗುಂಡು ಚಿಕ್ಕಪ್ಪನ ಮಗ."

"ಅಲ್ಲ ಅತ್ತೆ, ಇವರು ನಮ್ಮ ಸಾಹೇಬರು."

"ನನಗೆ ಹೇಳ್ಕೊಡ್ತೀಯಾ? ಬರೀ."

ಬರೆಯದಿದ್ದರೆ ಮುಂದಿನ ಚಿತ್ರಕ್ಕೆ ಹೋಗುವಂತಿರಲಿಲ್ಲ. ತಾನಾಗಪ್ಪ 'ಗುಂಡು ಚಿಕ್ಕಪ್ಪನ ಮಗ' ಎಂದು ಬರೆದ. ಬರೆದು ಕೈ ಎತ್ತುವಷ್ಟರಲ್ಲಿ ಬಾಗಿಲು ತುಂಬಿ ಕತ್ತಲಾಯಿತು. ಭಾಷಣದ ವಿಡಿಯೋ ಸ್ವತಃ ವಸೂಲು ಮಾಡಲು ಸಾಹೇಬರೇ ಬಂದು ನಿಂತಿದ್ದರು, ಹುಬ್ಬು ಗಂಟಿಕ್ಕಿಕೊಂಡು, ಉಸಿರು ಬಿಡುತ್ತ. ತಾನಾಗಪ್ಪ ದಡಬಡಿಸಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಅತ್ತೆ ಪರದೆಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು.

"ಬಂದ್ಯೇನೋ ಮರಿ ಗುಂಡಾ!" ಎಂದಳು. "ಎಷ್ಟು ವರ್ಷ ಆಯ್ತೋ ನಿನ್ನ ಮುಖ ನೋಡಿ! ಅಲ್ಲ, ಮೈಯೇನೋ ಚೆನ್ನಾಗಿ ಬಂದಿದೆ, ಕಣ್ಣು ಯಾಕೆ ಹಾಗೆ ಗುಳಿ ಬಿದ್ದಿದೆ? ಹೊತ್ತಿಗೆ ಸರಿಯಾಗಿ ಮಲಗ್ತೀಯೋ ಇಲ್ವೋ?"

ತಾನಾಗಪ್ಪ ಕಣ್ಣು ಮುಚ್ಚಿಕೊಂಡ. ಖಾಲಿ ಕೊಡ ಹಿಡಿದ ಜನರ ಸಾಲು ಕೌಂಟರಿನಿಂದ ಬೀದಿಯವರೆಗೂ ಅವನಿಗೆ ಕಂಡಿತು. ಸಾಹೇಬರನ್ನು ಏಕವಚನದಲ್ಲಿ ಕರೆದವರು ಇಡೀ ಇಲಾಖೆಯಲ್ಲಿ ಒಬ್ಬರೂ ಇರಲಿಲ್ಲ. ಅವರು ನಿದ್ದೆ ಮಾಡುತ್ತಾರೋ ಇಲ್ಲವೋ ಎಂದು ಕೇಳಿದವರೂ ಇರಲಿಲ್ಲ.

ಕೊನೆಗೆ ತಾನಾಗಪ್ಪ ಒಂದು ಕಣ್ಣು ತೆರೆದು ನೋಡಿದ. ಸಾಹೇಬರು ಬಾಗಿಲ ಹತ್ತಿರ ಬಗ್ಗಿ, ಕಷ್ಟಪಟ್ಟು, ಬೂಟಿನ ಲೇಸು ಬಿಚ್ಚುತ್ತಿದ್ದರು.

"ಎಲ್ಲಿ ಅತ್ತೆ," ಎಂದರು ಅವರು, ತಲೆ ಎತ್ತದೆ. "ಮಲಗಿದ್ರೂ ನಿದ್ದೆನೇ ಬರಲ್ಲ."